ಅಣ್ಣನ ಜಾವಾ ಮತ್ತು ಹೊಸ ಕಿಡಿ

ನಮ್ಮ ಅಣ್ಣ 2011ರಲ್ಲಿ ತೀರಿಕೊಂಡ ಮೇಲೆ ಅವನ ಮೆರೂನ್ ಬಣ್ಣದ ಜಾವಾ ಮೋಟಾರ್ ಸೈಕಲ್ಲು ಅವನ ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಹಳೆಯ ಜಮಖಾನ ಹೊದ್ದುಕೊಂಡು ನಿಂತಿತ್ತು. ಕೊಳ್ಳಲು ಬಂದವರು ಹಲವರು. ಅತ್ತಿಗೆ ಯಾರಿಗೂ ಕೊಡಲಿಲ್ಲ. ಓಡಿಸುವವರಿಲ್ಲ, ಆದರೂ ಮಾರುವ ಮಾತಿಲ್ಲ. ಅದನ್ನು ಮತ್ತೆ ಓಡುವ ಸ್ಥಿತಿಗೆ ತಂದ ಕಥೆಯನ್ನೂ, ಆ ಕೆಲಸದಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದ ಈ ಮೇಷ್ಟ್ರು ಮಾಡಿದ ಮೂರ್ಖತನವನ್ನೂ ಇಂದು ಓದುಗ ಮಿತ್ರರ ಮುಂದೆ ಇಡುತ್ತಿದ್ದೇನೆ.

ಮೈಸೂರಿನವರಿಗೆ ಜಾವಾ ಎಂದರೆ ಬರಿಯ ವಾಹನವಲ್ಲವೆಂಬುದನ್ನು ಹೇಳಬೇಕಾಗಿಲ್ಲ. ಚೆಕೊಸ್ಲೊವಾಕಿಯಾ ದೇಶದ ಈ ಗಾಡಿಯನ್ನು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಇಲ್ಲಿಯೇ ತಯಾರಿಸಲು ಆರಂಭಿಸಿತು. ಮುಂದೆ ಅದೇ ಕಾರ್ಖಾನೆಯಿಂದ ಯೆಜ್ಡಿ ಎಂಬ ಹೆಸರಿನ ಗಾಡಿಗಳು ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ನಡುವಿನ ಮೂವತ್ತೈದು ವರ್ಷಗಳಲ್ಲಿ ಬೆಳಗಿನ ಪಾಳಿಯ ಸೈರನ್ನು ಕೇಳಿ ಗಡಿಯಾರ ಸರಿಮಾಡಿಕೊಂಡ ಮನೆಗಳು ಆ ಭಾಗದಲ್ಲಿ ಎಷ್ಟೋ ಇದ್ದವು. ನಮ್ಮದೂ ಅಂಥದೊಂದು. ಅಣ್ಣ 1964ರಲ್ಲಿ ಅಲ್ಲಿಗೆ ಸೇರಿದ. ಗಾಡಿಗೆ ವೈರು ಕೂರಿಸುವ ವಿಭಾಗದಲ್ಲಿ ಅವನ ಕೆಲಸ. 1969ರಲ್ಲಿ ಕಂತಿನ ಮೇಲೆ ತನಗೂ ಒಂದು ಗಾಡಿ ಕೊಂಡ. ಅದರ ವೈರಿಂಗನ್ನು ತಾನೇ ಕಟ್ಟಿದ್ದೆಂದು ಜೀವಮಾನವೆಲ್ಲ ಹೇಳಿಕೊಂಡ. ನಿಜವೋ, ಪ್ರೀತಿಗೆ ಹೇಳಿದ ಮಾತೋ, ನಾವ್ಯಾರೂ ವಿಚಾರಿಸಲು ಹೋಗಲಿಲ್ಲ.

ಪ್ರತಿ ವರ್ಷ ಆಯುಧಪೂಜೆಗೆ ಎರಡು ದಿನ ಮೊದಲು ಅವನು ಗಾಡಿಯ ಬಲಬದಿಯ ಮುಚ್ಚಳ ಬಿಚ್ಚಿ ಪಾಯಿಂಟ್ ಸರಿಮಾಡಲು ಕೂರುತ್ತಿದ್ದ. ಪಾಯಿಂಟ್ ಎಂದರೆ ಒಂದನ್ನೊಂದು ಮುಟ್ಟಿ ಬಿಡುವ ಎರಡು ಪುಟ್ಟ ಲೋಹದ ಬಿಲ್ಲೆಗಳು. ಅವು ಬಿಡುವ ಕ್ಷಣದಲ್ಲಿ ಪ್ಲಗ್ಗಿನಲ್ಲಿ ಕಿಡಿ ಹಾರಬೇಕು. ಪಿಸ್ಟನ್ನು ತುದಿ ಮುಟ್ಟಲು ಇನ್ನೂ ಮೂರು ಮೂರೂವರೆ ಮಿಲಿಮೀಟರ್ ಇರುವಾಗಲೇ ಆ ಕಿಡಿ ಹಾರಬೇಕು. ಅದನ್ನು ಅಳೆಯಲು ಅಣ್ಣನ ಬಳಿ ಗೆರೆ ಕೊರೆದ ಒಂದು ಸೈಕಲ್ ಕಡ್ಡಿ ಇತ್ತು. ಪಾಯಿಂಟ್ ಬಿಡುವ ಕ್ಷಣವನ್ನು ತಿಳಿಯಲು ಸಿಗರೇಟು ಪ್ಯಾಕಿನ ತೆಳುಕಾಗದದ ಒಂದು ಎಳೆ. ಎರಡು ಬಿಲ್ಲೆಗಳ ನಡುವೆ ಕಾಗದ ಸಿಕ್ಕಿಸಿ, ಒಂದು ಕೈಯಲ್ಲಿ ಎಂಜಿನ್ನನ್ನು ಮೆಲ್ಲಗೆ ತಿರುಗಿಸುತ್ತ, ಇನ್ನೊಂದು ಕೈಯಲ್ಲಿ ಕಾಗದವನ್ನು ಹಗುರವಾಗಿ ಎಳೆಯುತ್ತ ಕೂರುತ್ತಿದ್ದ. ಕಾಗದ ಜಾರಿ ಬಂದ ಕ್ಷಣವೇ ಕಿಡಿಯ ಕ್ಷಣ. ಅಣ್ಣ ಸಿಗರೇಟು ಸೇದಿದವನಲ್ಲ. ವರ್ಷಕ್ಕೊಮ್ಮೆ ಬೀಡಾ ಅಂಗಡಿಗೆ ಹೋಗಿ ಖಾಲಿ ಪ್ಯಾಕು ಕೇಳಿ ತರುತ್ತಿದ್ದ. ಅಂಗಡಿಯವನು ನಗುತ್ತಿದ್ದ.

ಈ ಗಾಡಿಯ ವಿಚಾರ ಮತ್ತೆ ಎದ್ದದ್ದು ಅಣ್ಣನ ಮೊಮ್ಮಗಳಿಂದ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಹುಡುಗಿ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಹಳೆಯ ಗಾಡಿಗಳವರೆಲ್ಲ ಸೇರುವುದನ್ನು ಅವಳು ನೋಡಿ ಬಂದಿದ್ದಳು. "ಚಿಕ್ಕತಾತ, ಮುಂದಿನ ವರ್ಷ ತಾತನ ಗಾಡಿ ಅಲ್ಲಿರಬೇಕು. ನಾನೇ ಓಡಿಸ್ತೀನಿ" ಎಂದಳು. ತಾತ ಹೋದಾಗ ಅವಳಿಗೆ ಆರೇಳು ವರ್ಷ. ಅವನ ಮುಖಕ್ಕಿಂತ ಟ್ಯಾಂಕಿನ ಮೇಲೆ ಕೂತು ಹೋದದ್ದೇ ಅವಳಿಗೆ ಹೆಚ್ಚು ನೆನಪಿದೆಯಂತೆ. ಇಂಥ ಮಾತಿಗೆ ಇಲ್ಲವೆನ್ನುವುದು ಹೇಗೆ?

ಎಂಜಿನ್ನಿನ ಕೆಲಸವನ್ನು ಅಣ್ಣನೊಡನೆ ಕಾರ್ಖಾನೆಯಲ್ಲಿದ್ದ ಹಿರಿಯ ಮೆಕ್ಯಾನಿಕ್ಕರೊಬ್ಬರು ಒಪ್ಪಿಕೊಂಡರು. ಚೌಕಟ್ಟಿಗೆ ಹೊಸದಾಗಿ ಬಣ್ಣವೂ ಆಯಿತು. ಉಳಿದದ್ದು ಕಿಡಿಯ ವಿಚಾರ. ಹದಿಮೂರು ವರ್ಷ ನಿಂತಿದ್ದ ಗಾಡಿಯ ಡೈನಮೋ ಸುರುಳಿ ಹಾಳಾಗಿತ್ತು, ಪಾಯಿಂಟ್ ತುಕ್ಕು ಹಿಡಿದಿತ್ತು. ಹೊಸ ಪಾಯಿಂಟ್ ಹಾಕಬಹುದು. ಆದರೆ ಅದನ್ನು ನೋಡಿಕೊಳ್ಳುವವರು ಯಾರು? ಎರಡು ಬಿಲ್ಲೆಗಳ ನಡುವೆ ಇರಬೇಕಾದ ಅಂತರ 0.4 ಮಿಲಿಮೀಟರಿನ ಆಸುಪಾಸು. ಕಣ್ಣಿನ ಶಸ್ತ್ರಚಿಕಿತ್ಸೆಯಾದ ನನಗೆ ಫೀಲರ್ ಗೇಜಿನ ಅಂಕಿಯೇ ಕಾಣುವುದಿಲ್ಲ, ಕೈಯೂ ನಡುಗುತ್ತದೆ. ಪಾಯಿಂಟನ್ನು ತಳ್ಳುವ ಹಿಮ್ಮಡಿ ಸವೆದಂತೆ ಅಂತರ ಕಡಿಮೆಯಾಗಿ ಕಿಡಿ ತಡವಾಗುತ್ತದೆ. ಬಿಲ್ಲೆಗಳು ಸುಟ್ಟು ಗುಳಿ ಬೀಳುತ್ತವೆ. ಆ ಮಗು ಎಲ್ಲೋ ನಡುದಾರಿಯಲ್ಲಿ ನಿಂತರೆ ಸಿಗರೇಟು ಕಾಗದ ಹುಡುಕಲು ಹೋದೀತೆ? ಪಾಯಿಂಟಿನ ಗೋಜಿಲ್ಲದ ಎಲೆಕ್ಟ್ರಾನಿಕ್ ವ್ಯವಸ್ಥೆ ಜಾವಾ ಹುಟ್ಟಿದ ಚೆಕ್ ದೇಶದಲ್ಲಿಯೇ ತಯಾರಾಗುತ್ತದೆಂದೂ, ತರಿಸಿಕೊಂಡರೆ 12 ವೋಲ್ಟಿನ ಹೊಸ ವಿದ್ಯುತ್ ವ್ಯವಸ್ಥೆಯೂ ಜೊತೆಗೇ ಬರುತ್ತದೆಂದೂ ಮೆಕ್ಯಾನಿಕ್ಕರು ಹೇಳಿದರು.

ಅತ್ತಿಗೆಗೆ ಹೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು. ಮೊರದಿಂದ ತಲೆ ಎತ್ತದೆ, "ಅವರು ಕಟ್ಟಿದ ವೈರು ಕತ್ತರಿಸಬೇಕಾ?" ಎಂದು ಕೇಳಿದರು.

"ಕತ್ತರಿಸುವುದಿಲ್ಲ ಅತ್ತಿಗೆ. ಹಾಗೇ ಬಿಚ್ಚಿಡುತ್ತೇನೆ."

"ಹಾಗಾದರೆ ನೀನೇ ಮಾಡು. ಬೇರೆಯವರ ಕೈಗೆ ಕೊಡಬೇಡ" ಎಂದರು.

ಮದುವೆಯಾಗಿ ಅವರು ನಮ್ಮ ಮನೆಗೆ ಬಂದಾಗ ನಾನಿನ್ನೂ ಹೈಸ್ಕೂಲು ಹುಡುಗ. ಅವರು ಏನನ್ನೇ ನನಗೆ ವಹಿಸಿದರೂ ಅದು ಹೈಸ್ಕೂಲು ಹುಡುಗನಿಗೆ ವಹಿಸಿದ ಹಾಗೆಯೇ. ಮಾಡಿಯೇ ತೀರಬೇಕು.

ಇಲ್ಲಿ ಕಿಡಿಯ ಪಾಠವನ್ನು ಸ್ವಲ್ಪ ಹೇಳುತ್ತೇನೆ, ಅಭ್ಯಾಸಬಲ. ಹತ್ತನೆಯ ತರಗತಿಗೆ ನಾನು ವಿದ್ಯುತ್ಕಾಂತೀಯ ಪ್ರೇರಣೆಯ ಪಾಠವನ್ನು ಫ್ಯಾರಡೆಯ 1831ರ ಪ್ರಯೋಗದಿಂದ ಆರಂಭಿಸುತ್ತಿದ್ದೆ. ಒಂದು ಸುರುಳಿಯಲ್ಲಿ ವಿದ್ಯುತ್ ಹರಿದಾಗ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ಹರಿವನ್ನು ಥಟ್ಟನೆ ನಿಲ್ಲಿಸಿದರೆ ಕ್ಷೇತ್ರ ಕುಸಿಯುತ್ತದೆ. ಆ ಕುಸಿತ ಪಕ್ಕದ ಸುರುಳಿಯಲ್ಲಿ ವಿದ್ಯುತ್ತನ್ನು ಎಬ್ಬಿಸುತ್ತದೆ. ಪಕ್ಕದ ಸುರುಳಿಗೆ ನೂರು ಪಟ್ಟು ಹೆಚ್ಚು ಸುತ್ತುಗಳಿದ್ದರೆ ಅಲ್ಲಿ ಏಳುವ ವೋಲ್ಟೇಜೂ ಅದೇ ಪ್ರಮಾಣದಲ್ಲಿ ಏರುತ್ತದೆ. ಆರು ವೋಲ್ಟಿನ ಬ್ಯಾಟರಿಯಿಂದ ಹತ್ತಾರು ಸಾವಿರ ವೋಲ್ಟಿನ ಕಿಡಿ ಹುಟ್ಟುವ ಗುಟ್ಟು ಇಷ್ಟೇ. ಇಂಥ ಸುರುಳಿಯನ್ನು 1836ರಲ್ಲಿ ಐರ್ಲೆಂಡಿನ ಮೇನೂತ್ ಕಾಲೇಜಿನ ಪಾದ್ರಿ-ಅಧ್ಯಾಪಕ ನಿಕೊಲಸ್ ಕ್ಯಾಲನ್ ಮಾಡಿದರು. ಅದರ ಆಘಾತವನ್ನು ತಮ್ಮ ವಿದ್ಯಾರ್ಥಿಗಳ ಮೇಲೆಯೇ ಪರೀಕ್ಷಿಸಿದರಂತೆ! 1853ರಲ್ಲಿ ಫ್ರಾನ್ಸಿನ ಫಿಜೊ ಕಡಿತದ ಜಾಗಕ್ಕೆ ಅಡ್ಡವಾಗಿ ಕಂಡೆನ್ಸರ್ ಇಟ್ಟರೆ ಕಿಡಿ ಬಲವಾಗುವುದೆಂದು ತೋರಿಸಿದರು. ಇವೆರಡನ್ನೂ ಪಾಯಿಂಟಿನೊಡನೆ ಜೋಡಿಸಿ ಮೋಟಾರು ವಾಹನಕ್ಕೆ ಒಗ್ಗಿಸಿದವರಲ್ಲಿ ಪ್ರಮುಖರು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಿಂದ ಕಾರುಗಳಲ್ಲಿ ಹಬ್ಬಿದ ಆ ವಿಧಾನ ಇಂದಿಗೂ ಅವರ ಹೆಸರಿನಲ್ಲೇ ಇದೆ. ಕೆಟರಿಂಗ್ ಕೂಡ ಮೊದಲು ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಇದನ್ನು ಓದಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಅಣ್ಣನ ಗಾಡಿಯಲ್ಲಿದ್ದದ್ದು ಈ ವಿಧಾನವೇ. ಅದರ ಕಾಯಿಲಿನ ಮೇಲೆ ಎರಡು ಅಂಕಿಗಳಿರುತ್ತವೆ, 15 ಮತ್ತು 1. ಜರ್ಮನರು ರೂಢಿಗೆ ತಂದು ಯುರೋಪಿನ ಬಹುಭಾಗ ಒಪ್ಪಿಕೊಂಡ ಕ್ರಮವಿದು. ಬೀಗದಕೈ ತಿರುಗಿಸಿದಾಗ ಬ್ಯಾಟರಿಯಿಂದ ವಿದ್ಯುತ್ ಬರುವ ತಂತಿ 15ಕ್ಕೆ, ಕಾಯಿಲಿನಿಂದ ಹೊರಟು ಪಾಯಿಂಟಿಗೆ ಹೋಗುವ ತಂತಿ 1ಕ್ಕೆ, ಚೌಕಟ್ಟಿಗೆ ಮುಟ್ಟುವ ಅರ್ಥಿಂಗ್ 31. ಅಣ್ಣನಿಗೆ ಇವು ಮಗ್ಗಿಯಂತೆ ಬಾಯಿಪಾಠ. ಒಮ್ಮೆ ನಾನು ಬಿಡುವಿನಲ್ಲಿ ಬಂದಿದ್ದಾಗ ಕೇಳಿದ್ದ: "ನೀನು ಮಕ್ಕಳಿಗೆ ಹೇಳೋ ಆ ಪ್ರೈಮರಿ ಸುರುಳಿ ಇದೇನೇನೋ?" ಹೌದೆಂದೆ. "ಹಾಗಾದರೆ ನೀನು ಹೇಳೋದನ್ನ ನಾನು ದಿನಕ್ಕೆ ಎಷ್ಟೊಂದು ಗಾಡಿಗೆ ಕೂರಿಸ್ತೀನಲ್ಲೋ" ಎಂದು ನಕ್ಕಿದ್ದ. ಅವನು ಓದಿದ್ದು ಎಂಟನೆಯ ತರಗತಿಯವರೆಗೆ. ನನ್ನ ಬಿ.ಎಸ್‌ಸಿ. ಶುಲ್ಕ ಕಟ್ಟಿದ್ದು ಆ ಕೂರಿಸುವ ಕೆಲಸವೇ.

ಕಿಟ್ಟು ಬಂದಿತು. ಹಳೆಯ ಡೈನಮೋದ ಜಾಗಕ್ಕೆ ಅಯಸ್ಕಾಂತಗಳಿರುವ ಒಂದು ಚಕ್ರ, ಅದರೊಳಗೆ ತಂತಿ ಸುತ್ತಿದ ಒಂದು ತಟ್ಟೆ, ವೋಲ್ಟೇಜನ್ನು ಹದ್ದಿನಲ್ಲಿಡುವ ಒಂದು ರೆಗ್ಯುಲೇಟರ್, ಎಲೆಕ್ಟ್ರಾನಿಕ್ ಭಾಗವನ್ನು ಒಳಗೇ ಅಡಗಿಸಿಕೊಂಡ ಹೊಸ ಕಾಯಿಲು. ಹೆಸರು ಕಾಯಿಲಾದರೂ ಇದರ ಕೆಲಸ ಬೇರೆ. ಹಳೆಯ ಕಾಯಿಲು ಶಕ್ತಿಯನ್ನು ತನ್ನ ಕಾಂತಕ್ಷೇತ್ರದಲ್ಲಿ ಕೂಡಿಟ್ಟುಕೊಂಡು ಪಾಯಿಂಟ್ ಬಿಟ್ಟಾಗ ಬಿಡುತ್ತದೆ. ಹೊಸದರಲ್ಲಿ ಶಕ್ತಿ ಕೂಡಿರುವುದು ಕಂಡೆನ್ಸರಿನಲ್ಲಿ. ಅಯಸ್ಕಾಂತ ತಿರುಗುವಾಗ ಹುಟ್ಟುವ ವಿದ್ಯುತ್ತು ಅದನ್ನು ಕೆಲವು ನೂರು ವೋಲ್ಟಿಗೆ ತುಂಬುತ್ತದೆ. ಸರಿಯಾದ ಕ್ಷಣದಲ್ಲಿ ಒಂದು ಎಲೆಕ್ಟ್ರಾನಿಕ್ ಬಾಗಿಲು ತೆರೆದು ಅಷ್ಟನ್ನೂ ಒಮ್ಮೆಗೇ ಸುರುಳಿಗೆ ಸುರಿಯುತ್ತದೆ. ಕಾಯಿಲು ಅದನ್ನು ಹಲವು ಪಟ್ಟು ಏರಿಸಿ ಪ್ಲಗ್ಗಿಗೆ ದಾಟಿಸುತ್ತದೆ, ಅಷ್ಟೆ. ಆದ್ದರಿಂದಲೇ ಹಳೆಯ ಕಾಯಿಲನ್ನು ಹೊಸದಕ್ಕೆ, ಹೊಸದನ್ನು ಹಳೆಯದಕ್ಕೆ ಹೊಂದಿಸಲಾಗದು. ಹಳೆಯದರ ಪ್ರೈಮರಿ ಸುರುಳಿಯ ರೋಧ ಒಂದು ಓಮ್‌ಗಿಂತ ಹೆಚ್ಚು, ಇಂಥ ಹೊಸ ಕಾಯಿಲಿನದು ಒಂದು ಓಮ್‌ಗೂ ಕಡಿಮೆ. ಪಾಯಿಂಟಿಗೆ ಹೊಸ ಕಾಯಿಲು ಜೋಡಿಸಿದರೆ ಮಿತಿಮೀರಿದ ವಿದ್ಯುತ್ ಹರಿದು ಬಿಲ್ಲೆಗಳು ಸುಟ್ಟುಹೋಗುತ್ತವೆ.

ಡೈನಮೋ ಕಳಚುವುದು, ಅಯಸ್ಕಾಂತದ ಚಕ್ರವನ್ನು ಸರಿಯಾದ ಗುರುತಿಗೆ ಕೂರಿಸುವುದು, ಇವನ್ನು ಮೆಕ್ಯಾನಿಕ್ಕರು ಮಾಡಿದರು. ಅಣ್ಣನ ಸೈಕಲ್ ಕಡ್ಡಿಯನ್ನೇ ಅಳತೆಗೆ ಕೊಟ್ಟೆ. ಅವರು ಅದನ್ನು ನೋಡಿ, "ಇದನ್ನ ನಾನೇ ಕೊರೆದುಕೊಟ್ಟಿದ್ದು ಮೇಷ್ಟ್ರೇ" ಎಂದರು. ಉಳಿದ ವೈರಿಂಗ್ ನನ್ನ ಪಾಲಿಗೆ.

ಮೂರು ದಿನ ಶೆಡ್ಡಿನಲ್ಲಿ ಕೂತೆ. ಹಳೆಯ ತಂತಿಗಳಿಗೆ ಒಂದೊಂದಾಗಿ ಅಂಕಿ ಬರೆದ ಚೀಟಿ ಕಟ್ಟಿ ಬಿಚ್ಚಿದೆ. ಬಣ್ಣ ಮಾಸಿದ್ದರೂ ಗಂಟುಗಳು ಬಿಗಿಯಾಗಿದ್ದವು. ಪ್ರತಿ ತಿರುವಿನಲ್ಲೂ ದಾರ ಸುತ್ತಿ, ತುದಿಯನ್ನು ಒಳಗೆ ಎಳೆದು, ಮೇಲೆ ಏನೂ ಕಾಣದಂತೆ ಮುಗಿಸಿದ್ದ. ಅಣ್ಣ ಹೂವಿನ ದಂಡೆ ಕಟ್ಟುವಾಗಲೂ ಹಾಗೆಯೇ. ಸುಳ್ಳು ಹೇಳಿರಲಿಲ್ಲ, ಈ ವೈರಿಂಗ್ ಅವನದೇ.

ನಾಲ್ಕನೆಯ ದಿನ ಹೊಸ ಕಾಯಿಲನ್ನು ಟ್ಯಾಂಕಿನ ಕೆಳಗೆ ಬೋಲ್ಟು ಹಾಕಿ ಕೂರಿಸಿದೆ. ಅದರಿಂದ ಹೊರಟಿದ್ದ ತಂತಿಗಳಲ್ಲಿ ಒಂದು ಬಿಡಿಯಾಗಿತ್ತು. ಬೀಗದಕೈಯ ಕಡೆಯಿಂದ ಬರುತ್ತಿದ್ದ 15ರ ತಂತಿಯೂ ಬಿಡಿಯಾಗಿತ್ತು. ಮೂವತ್ತು ವರ್ಷ ಪಾಠ ಹೇಳಿದ ತಲೆ ಕ್ಷಣದಲ್ಲಿ ತೀರ್ಮಾನಿಸಿತು: ಕಾಯಿಲಿಗೆ ವಿದ್ಯುತ್ ಬರಬೇಕಾದದ್ದು 15ರಿಂದ, ಅಂದಮೇಲೆ ಇವೆರಡೂ ಸೇರಬೇಕು. ಸೇರಿಸಿದೆ. ಬೀಗದಕೈ ತಿರುಗಿಸಿದೆ. ಸದ್ದಿಲ್ಲ, ಹೊಗೆಯಿಲ್ಲ. ಕಿಕ್ಕರ್ ಒದ್ದೆ, ಕಿಡಿಯೂ ಇಲ್ಲ. ಸಂಜೆಯವರೆಗೂ ಒದ್ದೆ.

ರಾತ್ರಿ ಊಟವಾದ ಮೇಲೆ ಕಿಟ್ಟಿನೊಡನೆ ಬಂದಿದ್ದ ಸೂಚನೆಯ ಹಾಳೆಯನ್ನು ಭೂತಗನ್ನಡಿ ಹಿಡಿದು ಓದಿದೆ. ದಪ್ಪಕ್ಷರದಲ್ಲಿಯೇ ಇತ್ತು: ಈ ಬಿಡಿ ತಂತಿ ಎಂಜಿನ್ನನ್ನು ನಿಲ್ಲಿಸಲಿಕ್ಕಾಗಿ ಇರುವುದು, ಇದಕ್ಕೆ ಯಾವ ಕಾರಣಕ್ಕೂ ಬ್ಯಾಟರಿಯ ವಿದ್ಯುತ್ ಮುಟ್ಟಿಸಕೂಡದು, ಮುಟ್ಟಿಸಿದರೆ ಒಳಗಿನ ಎಲೆಕ್ಟ್ರಾನಿಕ್ ಭಾಗ ನಾಶವಾಗುತ್ತದೆ.

ಆಗ ಅರ್ಥವಾಯಿತು. ಹಳೆಯ ವ್ಯವಸ್ಥೆಯಲ್ಲಿ ಬೀಗದಕೈ ಕೊಡುವ ಕೈ. ಅದು ಕೊಟ್ಟರೆ ಕಿಡಿ, ಕೊಡದಿದ್ದರೆ ಇಲ್ಲ. ಹೊಸದಕ್ಕೆ ಬ್ಯಾಟರಿಯ ಹಂಗಿಲ್ಲ, ಎಂಜಿನ್ನು ತಿರುಗುವಷ್ಟು ಹೊತ್ತೂ ತನ್ನ ಕಿಡಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಅದನ್ನು ನಿಲ್ಲಿಸಬೇಕಾದರೆ ಆ ತಂತಿಯನ್ನು ಚೌಕಟ್ಟಿಗೆ, ಎಂದರೆ ಅರ್ಥಿಗೆ, ಮುಟ್ಟಿಸಬೇಕು. ಇಲ್ಲಿ ಬೀಗದಕೈ ತಡೆಯುವ ಕೈ. ಎರಡರ ತರ್ಕ ಪೂರ್ತಿ ತಿರುಗುಮುರುಗು. ಏನೂ ತಿಳಿಯದ ಒಬ್ಬ ಹುಡುಗ ಆಗಿದ್ದರೆ ಮೊದಲು ಹಾಳೆ ಓದುತ್ತಿದ್ದ. ನಾನು ತಿಳಿದವನು, ಆದ್ದರಿಂದ ಸುಟ್ಟೆ. "ಪ್ರಶ್ನೆ ಪೂರ್ತಿ ಓದಿ ಆಮೇಲೆ ಉತ್ತರ ಬರೀರಿ" ಎಂದು ಪ್ರತಿ ಪರೀಕ್ಷೆಯಲ್ಲೂ ಮಕ್ಕಳಿಗೆ ಹೇಳುತ್ತಿದ್ದವನು ನಾನೇ.

ಹೊಸ ಕಾಯಿಲಿಗೆ ನನ್ನ ಅರ್ಧ ತಿಂಗಳ ಪಿಂಚಣಿ ಹೋಯಿತು. ಅದು ದುಃಖವಲ್ಲ. ಕಾಯಿಲು ಬರುವಷ್ಟರಲ್ಲಿ ಜುಲೈ ಕಳೆಯಿತು. ಜಾವಾ ದಿನಕ್ಕೆ ಗಾಡಿ ಹೋಗಲಿಲ್ಲ. "ಪರವಾಗಿಲ್ಲ ಚಿಕ್ಕತಾತ" ಎಂದಳು ಹುಡುಗಿ ದೂರವಾಣಿಯಲ್ಲಿ. ಆ ಪರವಾಗಿಲ್ಲದಲ್ಲಿ ಎಷ್ಟು ಪರವಾ ಇತ್ತೆಂಬುದು ಮಕ್ಕಳೊಡನೆ ಬಾಳಿದವರಿಗೆ ತಿಳಿಯುತ್ತದೆ. ಅತ್ತಿಗೆಗೆ ಕಾರಣ ಹೇಳಲು ನಾಲ್ಕು ದಿನ ತೆಗೆದುಕೊಂಡೆ. ಕೊನೆಗೆ ಹೇಳಿದೆ, ನಾನೇ ಸುಟ್ಟೆನೆಂದು. ಅವರು, "ಅವರೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಏನೋ ಸುಟ್ಟಿದ್ದರಂತೆ. ಸಂಬಳದಲ್ಲಿ ಹಿಡಿದಿದ್ದರಂತೆ" ಎಂದರು. ಅಣ್ಣ ಆ ಸಂಗತಿಯನ್ನು ನನಗೆ ಎಂದೂ ಹೇಳಿರಲಿಲ್ಲ.

ಎರಡನೆಯ ಬಾರಿ ಹಾಳೆಯನ್ನು ಮೂರು ಸಲ ಓದಿದೆ. ನಿಲ್ಲಿಸುವ ತಂತಿಗೆ ಒಂದು ಬೇರೆಯ ಸ್ವಿಚ್ಚು ಕೊಟ್ಟು ಅರ್ಥಿಗೆ ಸೇರಿಸಿದೆ. 15ರ ತಂತಿಯ ತುದಿಗೆ ರಬ್ಬರ್ ಕೊಳವೆ ತೊಡಿಸಿ, ಮಡಿಸಿ ಕಟ್ಟಿಟ್ಟೆ. ದೀಪ, ಹಾರನ್ನು ಎಲ್ಲವನ್ನೂ 12 ವೋಲ್ಟಿನವಕ್ಕೆ ಬದಲಾಯಿಸಿದೆ, ಹಳೆಯ ಆರು ವೋಲ್ಟಿನ ಬಲ್ಬು ಹಾಗೇ ಇದ್ದರೆ ಕ್ಷಣದಲ್ಲಿ ಸುಡುತ್ತದೆ. ಎಲ್ಲ ಸರಿ. ಆದರೂ ಕಿಡಿಯಿಲ್ಲ!

ಈ ಸಲ ನಾನು ಮೆಕ್ಯಾನಿಕ್ಕರನ್ನು ಕರೆಸಿದೆ. ಅವರು ಬಂದರು, ನೋಡಿದರು, ಮಾತನಾಡಲಿಲ್ಲ. ಕಾಯಿಲಿನ ಬೋಲ್ಟು ಬಿಚ್ಚಿ, ಉಪ್ಪುಕಾಗದ ತೆಗೆದುಕೊಂಡು, ಕಾಯಿಲು ಕೂರುವ ಜಾಗದಲ್ಲಿ ಚೌಕಟ್ಟಿನ ಹೊಸ ಬಣ್ಣವನ್ನು ನಾಲ್ಕಾಣೆ ಅಗಲಕ್ಕೆ ಉಜ್ಜಿದರು. ಹೊಳೆಯುವ ಕಬ್ಬಿಣ ಕಂಡಿತು. "ಬಣ್ಣದ ಮೇಲೆ ಕೂರಿಸಿದ್ರೆ ಅರ್ಥ್ ಎಲ್ಲಿಂದ ಬರ್ಬೇಕು ಮೇಷ್ಟ್ರೇ? ನಿಮ್ಮಣ್ಣ ಪ್ರತಿ ಗಾಡಿಗೂ ಮೊದಲು ಇದನ್ನೇ ಉಜ್ತಿದ್ದದ್ದು" ಎಂದರು. ಬಣ್ಣ ವಿದ್ಯುತ್ತಿನ ನಿರೋಧಕವೆಂಬುದು ಎಂಟನೆಯ ತರಗತಿಯ ಪಾಠ. ಅಣ್ಣ ಓದು ನಿಲ್ಲಿಸಿದ ತರಗತಿ.

ಸನ್ನೆಯನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದೆ. ಜಾವಾ ಬಲ್ಲವರಿಗೆ ಗೊತ್ತು, ಗೇರಿನ ಸನ್ನೆಯೇ ಅದರ ಕಿಕ್ಕರ್. ಒಂದು ಒದೆತ. ಎರಡೂ ಕೊಳವೆಗಳಿಂದ ಹೊಗೆ ಬಂತು, ಆ ಪರಿಚಿತ ಸದ್ದು ಶೆಡ್ಡಿನ ತಗಡುಗಳನ್ನು ನಡುಗಿಸಿತು. ಮೆಕ್ಯಾನಿಕ್ಕರು ಆಕ್ಸಿಲರೇಟರ್ ಹದಮಾಡುತ್ತ ನಿಂತರು. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಸುತ್ತಿಗೊಂದು ಕಿಡಿ. ನಿಮಿಷಕ್ಕೆ ಮೂರು ಸಾವಿರ ಸುತ್ತಾದರೆ ಸೆಕೆಂಡಿಗೆ ಐವತ್ತು ಕಿಡಿ. ಒಂದೂ ತಪ್ಪುತ್ತಿರಲಿಲ್ಲ.

ಅತ್ತಿಗೆ ಹಿತ್ತಿಲ ಬಾಗಿಲಲ್ಲಿ ಬಂದು ನಿಂತಿದ್ದರು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಸ್ವಲ್ಪ ಹೊತ್ತು ಕೇಳಿದರು.

"ಒಂದೇ ಒದೆತಕ್ಕೆ ಬಂತಲ್ಲ."

"ಹೌದು ಅತ್ತಿಗೆ. ಇನ್ನು ಮೇಲೆ ಹೀಗೆಯೇ."

"ಅವರಿಗೆ ಮೂರು ಬೇಕಾಗಿತ್ತು. ಮೂರನೇದಕ್ಕೆ ನಾನು ಹಾಲಿನ ಪಾತ್ರೆ ಇಳಿಸ್ತಿದ್ದೆ" ಎಂದು ಒಳಗೆ ಹೋದರು. ಸಂತೋಷವೋ, ಬೇಸರವೋ ನನಗೆ ತಿಳಿಯಲಿಲ್ಲ. ಕೇಳಲೂ ಇಲ್ಲ.

ದಸರೆ ರಜೆಗೆ ಹುಡುಗಿ ಬಂದಳು. ಬಂದ ದಿನವೇ ಗಾಡಿ ತೆಗೆದು ಚಾಮುಂಡಿ ಬೆಟ್ಟದ ಬುಡದವರೆಗೂ ಹೋಗಿ ಬಂದಳು. ಹಿಂದೆ ಕೂತು ಹೋಗಿದ್ದವನು ನಾನು, ಆ ಭಯದ ವಿಚಾರ ಇನ್ನೊಮ್ಮೆ ಬರೆಯುತ್ತೇನೆ. ಹಳೆಯ ಪಾಯಿಂಟಿನ ತಟ್ಟೆ, ಕಂಡೆನ್ಸರು, 15 ಮತ್ತು 1 ಎಂದು ಬರೆದ ಕಾಯಿಲು, ಅಣ್ಣ ಕಟ್ಟಿದ ತಂತಿಯ ಕಟ್ಟು ಎಲ್ಲವನ್ನೂ ಎಣ್ಣೆ ಒರೆಸಿ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟು ಅವಳಿಗೆ ಕೊಟ್ಟೆ. ಚೀಟಿಗಳು ಹಾಗೇ ಇವೆ. ಎಂದಾದರೂ ಬೇಕೆನಿಸಿದರೆ ಹಿಂದಿನಂತೆಯೇ ಜೋಡಿಸಬಹುದು, ಒಂದು ತಂತಿಯನ್ನೂ ಕತ್ತರಿಸಿಲ್ಲ.

ಆಯುಧಪೂಜೆಯ ಬೆಳಿಗ್ಗೆ ಶೆಡ್ಡಿನ ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಗಾಡಿಗೆ ಚೆಂಡುಹೂವಿನ ಹಾರ ಹಾಕಿದೆವು. ಅತ್ತಿಗೆ ಕುಂಕುಮದ ಬಟ್ಟಲು ಹಿಡಿದು ಬಂದರು. ಗಾಡಿಗೆ ಇಟ್ಟರು, ಸ್ಪ್ಯಾನರುಗಳಿಗೆ ಇಟ್ಟರು. ಆಮೇಲೆ ಮೊಮ್ಮಗಳಿಂದ ಡಬ್ಬಿ ತೆರೆಸಿ ಪಾಯಿಂಟಿನ ತಟ್ಟೆಗೂ ಒಂದು ಬೊಟ್ಟು ಇಟ್ಟರು. ಡಬ್ಬಿಯ ತಳದಲ್ಲಿ, ನಾನು ಇಟ್ಟಿರದಿದ್ದ ಒಂದು ಖಾಲಿ ಸಿಗರೇಟು ಪ್ಯಾಕು ಇತ್ತು. ನಾನು ಹುಡುಗಿಯ ಮುಖ ನೋಡಿದೆ.

"ಬೀಡಾ ಅಂಗಡಿಯಲ್ಲಿ ಕೇಳಿ ತಂದೆ ಚಿಕ್ಕತಾತ. ಅಂಗಡಿಯವರು ನಕ್ಕರು" ಎಂದಳು.